ಬ್ರೇಕಿಲ್ಲದ ಬೈಕು, ಲೆಕ್ಕ ತಪ್ಪದ ಸವಾರ

ಬೈಕಿಗೆ ಬ್ರೇಕೇ ಇಲ್ಲ. ಗೇರು ಒಂದೇ. 500 ಸಿಸಿ ಇಂಜಿನ್ನು, ಕುಡಿಯೋದು ಮೆಥನಾಲ್. ಇಂಥ ನಾಲ್ಕು ಬೈಕು ಒಟ್ಟಿಗೆ ಹೊರಟು, ಸಡಿಲ ಮಣ್ಣಿನ ಟ್ರ್ಯಾಕಿನಲ್ಲಿ ಎಡಕ್ಕೇ ತಿರುಗುತ್ತಾ ನಾಲ್ಕು ಸುತ್ತು ಹಾಕಬೇಕು. ಸುಮಾರು ಒಂದು ನಿಮಿಷದಲ್ಲಿ ಆಟ ಮುಗೀತು! ಗೆದ್ದವನಿಗೆ 3 ಅಂಕ, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಇದೇ ಸ್ಪೀಡ್‌ವೇ.

ಇದನ್ನು ನೋಡಿದವರಿಗೆ ಹುಚ್ಚು ಧೈರ್ಯದವರ ಆಟ ಅನ್ನಿಸುತ್ತೆ. ಆದರೆ ಇದರಲ್ಲಿ ಆರು ಸಲ ವಿಶ್ವ ಚಾಂಪಿಯನ್ ಆದವನು ಹೆಸರು ಮಾಡಿದ್ದು ಹುಚ್ಚಿನಿಂದಲ್ಲ, ಲೆಕ್ಕಾಚಾರದಿಂದ. ಅವನೇ ನ್ಯೂಜಿಲೆಂಡಿನ ಐವನ್ ಮೇಜರ್. (ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ‘ಮಾಗರ್’ ಅಂತ ಓದಬೇಡಿ ಮತ್ತೆ!)

ಹುಟ್ಟಿದ್ದು 1939ರಲ್ಲಿ, ಕ್ರೈಸ್ಟ್‌ಚರ್ಚ್‌ನಲ್ಲಿ. ಅದೇ ಊರಲ್ಲಿ ಬೆಳೆದ ರಾನಿ ಮೂರ್ 1954ರಲ್ಲೇ ವಿಶ್ವ ಚಾಂಪಿಯನ್ ಆಗಿದ್ದ. ಈ ಹುಡುಗನಿಗೂ ಅದೇ ಗುಂಗು. 1957ರಲ್ಲಿ, ಇನ್ನೂ 17 ವರ್ಷ, ಹೆಂಡತಿ ರೇ ಜೊತೆ ಇಂಗ್ಲೆಂಡಿಗೆ ಹೋಗಿ ವಿಂಬಲ್ಡನ್ ತಂಡ ಸೇರಿದ. ಅಲ್ಲಿ ಮೂರ್, ಬ್ಯಾರಿ ಬ್ರಿಗ್ಸ್ ಅಂಥ ಘಟಾನುಘಟಿಗಳಿದ್ದರು. ಇವನಿಗೆ ಅವಕಾಶ ಸಿಕ್ಕಿದ್ದೇ ಕಡಿಮೆ. ಸೋತು ಊರಿಗೆ ವಾಪಸ್.

ಈ ವೃತ್ತಿಯ ಕಷ್ಟ ನೋಡಿ. ಸವಾರನಿಗೆ ತಿಂಗಳ ಸಂಬಳ ಇಲ್ಲ. ಓಡಿದ ರೇಸಿಗಿಷ್ಟು, ಗೆದ್ದ ಅಂಕಕ್ಕಿಷ್ಟು, ಅಷ್ಟೇ. ಬೈಕಿನ ಖರ್ಚು ತನ್ನದೇ. ಕಾಲು ಮುರಿದು ಮಲಗಿದರೆ ದುಡಿಮೆ ಬಂದ್. ಸಂಸಾರಸ್ಥ ಇನ್ನೊಮ್ಮೆ ಇದಕ್ಕೆ ಕೈ ಹಾಕೋಕೆ ಗುಂಡಿಗೆ ಬೇಕು.

ಮೇಜರ್ ಕೈ ಹಾಕಿದ. 1963ರಲ್ಲಿ ಮತ್ತೆ ಇಂಗ್ಲೆಂಡಿಗೆ ಬಂದ. ಈ ಸಲ ದೊಡ್ಡ ಲೀಗಿಗಲ್ಲ, ಎರಡನೇ ದರ್ಜೆಯ ಪ್ರಾವಿನ್ಷಿಯಲ್ ಲೀಗಿನ ನ್ಯೂಕಾಸಲ್ ತಂಡಕ್ಕೆ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ. 1966ರ ವಿಶ್ವ ಫೈನಲ್‌ನಲ್ಲಿ ನಾಲ್ಕನೆಯವ, 1967ರಲ್ಲಿ ಮೂರನೆಯವ, 1968ರಲ್ಲಿ ಗೊಥೆನ್‌ಬರ್ಗ್‌ನಲ್ಲಿ ಚಾಂಪಿಯನ್!

ಆಗಿನ ಫೈನಲ್ ಅಂದರೆ ಒಂದೇ ಸಂಜೆ, 16 ಜನ, ತಲಾ ಐದು ರೇಸು. ವರ್ಷದ ದುಡಿಮೆಯೆಲ್ಲ ಐದು ನಿಮಿಷದಲ್ಲಿ ತೀರ್ಮಾನ. ಸ್ಟಾರ್ಟ್ ತಪ್ಪಿದರೆ, ಇಂಜಿನ್ ಕೆಮ್ಮಿದರೆ ಮುಗೀತು. ಅದಕ್ಕೇ ಮೇಜರ್ ಬೈಕಿನ ಒಂದೊಂದು ನಟ್ಟು ಬೋಲ್ಟನ್ನೂ ನೋಡಿಯೇ ಇಳೀತಿದ್ದ. ಸ್ಟಾರ್ಟ್‌ನಲ್ಲಂತೂ ಅವನನ್ನು ಮೀರಿಸೋರು ಕಡಿಮೆ.

1969ರಲ್ಲಿ ವೆಂಬ್ಲಿ, 1970ರಲ್ಲಿ ಪೋಲೆಂಡಿನ ವ್ರೊಟ್ಸ್‌ವಾಫ್. ಸತತ ಮೂರು ಸಲ ಗೆದ್ದ ಮೊದಲಿಗ! ಮೂರನೆಯದು ಗೆದ್ದರೆ ಬೈಕಿಗೆ ಚಿನ್ನದ ಲೇಪನ ಮಾಡಿಸ್ತೀವಿ ಅಂತ ಇಬ್ಬರು ಅಮೆರಿಕನ್ನರು ಮಾತು ಕೊಟ್ಟಿದ್ದರು, ನಡೆಸಿಕೊಟ್ಟರು. ಆ ಬೈಕು ಯಾವುದು ಗೊತ್ತಾ? ಜಾವಾ! ನಮ್ಮ ಮೈಸೂರಿನ ಐಡಿಯಲ್ ಜಾವಾ ಅಲ್ಲ ಬಿಡಿ, ಜೆಕೊಸ್ಲೊವಾಕಿಯಾದ ಮೂಲ ಕಂಪನಿಯ ರೇಸ್ ಬೈಕು. ಆದ್ರೂ ಹೆಸರು ಕೇಳಿದ್ರೆ ಸ್ವಲ್ಪ ನಮ್ಮದೇ ಅನ್ಸುತ್ತೆ, ಅಲ್ವಾ?

1972ರಲ್ಲಿ ನಾಲ್ಕನೆಯದು. ಆಮೇಲೆ ಐದು ವರ್ಷ ಬರಗಾಲ. ಇವನ ಕಾಲ ಮುಗೀತು ಅನ್ನೋ ಹೊತ್ತಿಗೆ 1977ರಲ್ಲಿ ಗೊಥೆನ್‌ಬರ್ಗ್‌ನ ಮಳೆಯಲ್ಲಿ ಮತ್ತೆ ಗೆದ್ದ. 1979ರಲ್ಲಿ ಪೋಲೆಂಡಿನ ಹೊಜೂಫ್‌ನಲ್ಲಿ ಆರನೆಯದು. ಆಗ 40 ತುಂಬೋಕೆ ಒಂದೇ ತಿಂಗಳು ಬಾಕಿ! ಆ ದಾಖಲೆಯನ್ನು 2005ರಲ್ಲಿ ಸ್ವೀಡನ್ನಿನ ಟೋನಿ ರಿಕಾರ್ಡ್‌ಸನ್ ಸರಿಗಟ್ಟುವವರೆಗೂ ಯಾರೂ ಮುಟ್ಟಲಿಲ್ಲ.

ಮೇಜರ್ 2018ರಲ್ಲಿ ತೀರಿಕೊಂಡ. ಜನ ಚಿನ್ನದ ಬೈಕನ್ನೇ ನೆನೀತಾರೆ. ನನಗೆ ದೊಡ್ಡದು ಅನ್ನಿಸೋದು 1963ರ ಪ್ರಯಾಣ. ಒಮ್ಮೆ ಸೋತ ಊರಿಗೆ, ಕೆಳಗಿನ ದರ್ಜೆಗೇ ಆಗಲಿ ಅಂತ ಮತ್ತೆ ಹೊರಡೋದಿದೆಯಲ್ಲ... ನೀವೇನಂತೀರಿ?