ಸಾರ್ವಜನಿಕ ಆರೋಗ್ಯದ ಕ್ಷೇತ್ರ ತರಬೇತಿ: ನೇಮಕಾತಿಯ ಚರಿತ್ರೆ

ಪದವಿ ಮುಗಿಸಿದವರನ್ನು ವರ್ಷ ಎರಡು ವರ್ಷ ಆರೋಗ್ಯ ಇಲಾಖೆಯಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ಇರಿಸಿ, ಕೆಲಸ ಮಾಡಿಸುತ್ತಲೇ ಕಸುಬು ಕಲಿಸುವ ಏರ್ಪಾಡಿಗೆ ಸಾರ್ವಜನಿಕ ಆರೋಗ್ಯದ ಕ್ಷೇತ್ರ ತರಬೇತಿ ಎನ್ನುತ್ತಾರೆ. ಇಂದು ಹಲವು ದೇಶಗಳಲ್ಲಿರುವ ಈ ಏರ್ಪಾಡಿನ ಪ್ರಮುಖ ಮಾದರಿ ರೂಪುಗೊಂಡದ್ದು ಎರಡನೆಯ ಮಹಾಯುದ್ಧದ ನಂತರದ ಅಮೆರಿಕದಲ್ಲಿ. ಇದರಲ್ಲಿ ಮೂರು ಪಕ್ಷಗಳಿವೆ: ಸಂಬಳ ಕೊಡುವ ಕೇಂದ್ರ, ಕಲಿಯಲು ಬಂದ ಪದವೀಧರ, ಅವನಿಗೆ ಮೇಜು, ಕೆಲಸ, ಮೇಲ್ವಿಚಾರಕ ಈ ಮೂರನ್ನೂ ಒದಗಿಸುವ ಆತಿಥೇಯ ಸಂಸ್ಥೆ. ಇಂಥ ಯೋಜನೆಗಳ ಚರಿತ್ರೆಯನ್ನು ಆಯ್ಕೆಯಾದವರ ಸಾಹಸಗಳ ಕಥೆಯಾಗಿ ಬರೆಯುವುದೇ ರೂಢಿ. ಆದರೆ ಯೋಜನೆಗಳು ಎಲ್ಲಿ ಗೆದ್ದವು, ಎಲ್ಲಿ ಎಡವಿದವು ಎಂದು ಹುಡುಕುತ್ತ ಹೋದರೆ ಉತ್ತರ ಹೆಚ್ಚಾಗಿ ಸಿಗುವುದು ಮೂರನೆಯ ಪಕ್ಷದ ಬಳಿ. ಅರ್ಜಿ ಹಾಕುವ ಪದವೀಧರರಿಗೆ ಹೆಚ್ಚಿನ ಕಾಲದಲ್ಲಿ ಬರವಿರಲಿಲ್ಲ. ಕಲಿಸಬಲ್ಲ ಆತಿಥೇಯರಿಗೆ ಬರವಿತ್ತು.

1940ರ ದಶಕದಲ್ಲಿ ಪೆನಿಸಿಲಿನ್ ಬಂದು ಸಿಫಿಲಿಸ್ ಚಿಕಿತ್ಸೆ ಸುಲಭವಾದಾಗ ಅಮೆರಿಕದ ಆರೋಗ್ಯ ಇಲಾಖೆಗಳ ತೊಡಕು ಬೇರೆಯಾಯಿತು. ಔಷಧವಿತ್ತು. ಸೋಂಕು ತಗುಲಿರಬಹುದಾದವರನ್ನು ಪತ್ತೆಹಚ್ಚಿ, ಮಾತನಾಡಿಸಿ, ಚಿಕಿತ್ಸಾಲಯಕ್ಕೆ ಕರೆತರುವವರು ಇರಲಿಲ್ಲ. ಈ ಕೆಲಸಕ್ಕೆ ವೈದ್ಯಕೀಯ ಪದವಿ ಬೇಕಿಲ್ಲ, ಅಪರಿಚಿತರ ನಂಬಿಕೆ ಗಳಿಸುವ ಗುಣ ಬೇಕು ಎಂಬ ತೀರ್ಮಾನದ ಮೇಲೆ 1948ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಸಾಮಾನ್ಯ ಪದವೀಧರರನ್ನು ನೇಮಿಸಿಕೊಳ್ಳತೊಡಗಿತು. ಮೊದಲ ತಂಡದಲ್ಲಿದ್ದವರು ಆರೇ ಮಂದಿ. ಅವರಲ್ಲೊಬ್ಬರಾದ ವಿಲಿಯಂ ವಾಟ್ಸನ್ ಮುಂದೆ ಅಮೆರಿಕದ ಒಕ್ಕೂಟ ಸರ್ಕಾರದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ಉಪನಿರ್ದೇಶಕರಾದರು. ‘ಸಾರ್ವಜನಿಕ ಆರೋಗ್ಯ ಸಲಹೆಗಾರರು’ ಎಂದು ಹೆಸರಾದ ಈ ವರ್ಗದವರಿಗೆ ಸಂಬಳ ಒಕ್ಕೂಟ ಸರ್ಕಾರದ್ದು, ದಿನನಿತ್ಯದ ಕೆಲಸ ರಾಜ್ಯ ಅಥವಾ ನಗರದ ಆರೋಗ್ಯ ಇಲಾಖೆಯದು. ಅಮೆರಿಕದಲ್ಲಿ ಆರೋಗ್ಯದ ಅಧಿಕಾರ ಬಹುಪಾಲು ರಾಜ್ಯಗಳ ಕೈಯಲ್ಲಿರುವುದರಿಂದ, ವಾಷಿಂಗ್ಟನ್ನಿನವರು ಊರೊಳಗೆ ಕಾಲಿಡಲು ಇದಕ್ಕಿಂತ ನಯವಾದ ದಾರಿ ಇರಲಿಲ್ಲ ಎನ್ನಬೇಕು. 1957ರಲ್ಲಿ ಲೈಂಗಿಕ ರೋಗಗಳ ವಿಭಾಗ ಅಟ್ಲಾಂಟದ ಸಿಡಿಸಿಗೆ ಸೇರಿದಾಗ ಈ ಪಡೆಯೂ ಅಲ್ಲಿಗೆ ಹೋಯಿತು. 1960ರ ದಶಕದ ಕೊನೆಯಲ್ಲಿ ಪಶ್ಚಿಮ ಆಫ್ರಿಕದಲ್ಲಿ ನಡೆದ ಸಿಡುಬು ನಿರ್ಮೂಲನೆಯ ಆಡಳಿತದ ಹೊಣೆ ಹೊತ್ತವರಲ್ಲಿ ಇದೇ ಪಡೆಯವರು ಅನೇಕರಿದ್ದರು.

ಹೆಚ್ಚು ಪ್ರಸಿದ್ಧವಾದದ್ದು ಇದರ ನಂತರ ಹುಟ್ಟಿದ, ರೋಗ ಹಬ್ಬಿದಲ್ಲಿ ತನಿಖೆಗೆ ಹೋಗುವ ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವಿಸ್. 1949ರಲ್ಲಿ ಸಿಡಿಸಿಗೆ ಬಂದ ಅಲೆಕ್ಸಾಂಡರ್ ಲ್ಯಾಂಗ್‌ಮುಯಿರ್, ಕೊರಿಯಾ ಯುದ್ಧದ ಹೊತ್ತಿನ ಜೈವಿಕ ದಾಳಿಯ ಭಯವನ್ನು ಬಳಸಿಕೊಂಡು 1951ರಲ್ಲಿ ಇದನ್ನು ಸ್ಥಾಪಿಸಿದರು. ಮೊದಲ ತಂಡದಲ್ಲಿ 22 ವೈದ್ಯರು, ಒಬ್ಬ ನೈರ್ಮಲ್ಯ ಎಂಜಿನಿಯರ್. ಆಗ ವೈದ್ಯರಿಗೂ ಕಡ್ಡಾಯ ಸೈನ್ಯಸೇವೆಯಿತ್ತು. ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಎರಡು ವರ್ಷ ಕಳೆದರೆ ಆ ಋಣ ತೀರುತ್ತಿತ್ತು. ಬುದ್ಧಿವಂತ ಯುವ ವೈದ್ಯರು ಅಟ್ಲಾಂಟದ ಬಾಗಿಲು ತಟ್ಟಲು ಬೇರೆ ಜಾಹೀರಾತು ಬೇಕಿರಲಿಲ್ಲ. ಹೀಗಿರುವಾಗ ಈ ಸೇವೆಯ ಯಶಸ್ಸೆಲ್ಲ ಸೈನ್ಯದ ಕಾನೂನಿನ ಕೃಪೆ ಎಂದು ವಾದಿಸಬಹುದು. ವಾದದಲ್ಲಿ ಅರ್ಧ ಸತ್ಯವಿದೆ. ಆದರೆ 1973ರಲ್ಲಿ ಕಡ್ಡಾಯ ಸೈನ್ಯಸೇವೆ ನಿಂತರೂ ಸೇವೆ ನಿಲ್ಲಲಿಲ್ಲ. ಮಹಿಳೆಯರು, ಪಶುವೈದ್ಯರು, ದಾದಿಯರು, ಸಂಶೋಧನಾ ಪದವಿ ಪಡೆದವರು ಹೆಚ್ಚುಹೆಚ್ಚಾಗಿ ಬಂದರು. ಕಾನೂನು ಹೋದ ಮೇಲೂ ಉಳಿದದ್ದು ಆತಿಥೇಯರೊಡನೆ ಬೆಳೆದಿದ್ದ ಒಂದು ರೂಢಿ. ರಾಜ್ಯವೊಂದು ಕರೆಯದೆ ಸಿಡಿಸಿಯ ಅಧಿಕಾರಿ ಆ ರಾಜ್ಯದ ರೋಗ ತನಿಖೆಗೆ ಹೋಗುವುದಿಲ್ಲ; ಹೋದಾಗಲೂ ತನಿಖೆಯ ಒಡೆತನ ರಾಜ್ಯದ್ದೇ. 1955ರ ಏಪ್ರಿಲಿನಲ್ಲಿ ಪೋಲಿಯೊ ಲಸಿಕೆ ಪಡೆದ ಮಕ್ಕಳಲ್ಲೇ ಪಾರ್ಶ್ವವಾಯು ಕಾಣಿಸಿಕೊಂಡಾಗ, ಕಟರ್ ಕಂಪನಿಯ ಲಸಿಕೆಯತ್ತ ಬೊಟ್ಟು ಮಾಡಿದ ಅಂಕಿಅಂಶ ಅಟ್ಲಾಂಟಕ್ಕೆ ಬೇಗ ಬಂದು ಸೇರಿದ್ದು ರಾಜ್ಯ ಇಲಾಖೆಗಳ ಸಹಕಾರದಿಂದ. ಲ್ಯಾಂಗ್‌ಮುಯಿರ್ ಅವರ ಜಾಣತನವನ್ನು ಹೊಗಳುವವರು ಈ ಸಹಕಾರಕ್ಕೆ ಒಂದು ಸಾಲನ್ನೂ ಕೊಡದಿರುವುದು ಅನ್ಯಾಯ.

ಆತಿಥೇಯರೊಡನೆ ಹೊಂದಿಕೊಂಡು ಹೋಗುವ ಈ ನೀತಿಗೆ ಗಂಭೀರವಾದ ಆಕ್ಷೇಪವೊಂದಿದೆ: ಕಲಿಯಲು ಬಂದವನು ಅಲ್ಲಿನ ತಪ್ಪುಗಳಿಗೂ ಹೊಂದಿಕೊಳ್ಳುತ್ತಾನೆ. ಅಲಬಾಮದ ಟಸ್ಕೆಗಿಯಲ್ಲಿ ಸಾರ್ವಜನಿಕ ಆರೋಗ್ಯ ಸೇವೆಯೇ 1932ರಿಂದ ನಡೆಸಿದ ಸಿಫಿಲಿಸ್ ಅಧ್ಯಯನ ಇದಕ್ಕೆ ಕರಾಳ ಸಾಕ್ಷಿ. ಸುಮಾರು 600 ಕಪ್ಪು ಜನಾಂಗದ ಪುರುಷರನ್ನು, ಅವರಲ್ಲಿ 399 ರೋಗಿಗಳನ್ನು, ಚಿಕಿತ್ಸೆ ಕೊಡದೆ ದಶಕಗಳ ಕಾಲ ಬರಿದೇ ಗಮನಿಸಿದ ಈ ಅಧ್ಯಯನಕ್ಕೆ ಸ್ಥಳೀಯ ಆರೋಗ್ಯ ಇಲಾಖೆಯೂ ಸ್ಥಳೀಯ ಸಂಸ್ಥೆಗಳೂ ಕೈಜೋಡಿಸಿದ್ದವು. ಅದನ್ನು ಬಯಲಿಗೆಳೆದ ಪೀಟರ್ ಬಕ್ಸ್‌ಟನ್, 1965ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ರೋಗಿಗಳ ಸಂದರ್ಶಕನಾಗಿ ನೇಮಕಗೊಂಡವರು, ವೈದ್ಯರಲ್ಲ. ಅವರು 1966ರಲ್ಲೇ ಮೇಲಧಿಕಾರಿಗಳಿಗೆ ಆಕ್ಷೇಪ ಸಲ್ಲಿಸಿದರು. ಸುದ್ದಿ ಪತ್ರಿಕೆಗೆ ಬಂದದ್ದು 1972ರ ಜುಲೈಯಲ್ಲಿ. ಹೊರಗಿನಿಂದ ಬಂದ ಸಾಮಾನ್ಯ ಪದವೀಧರನ ಕಣ್ಣಿಗೆ ಒಳಗಿನವರಿಗೆ ಕಾಣದ್ದು ಕಂಡಿತೆಂದು ಇದನ್ನು ನೇಮಕಾತಿಯ ಹೆಗ್ಗಳಿಕೆಯಾಗಿ ಹೇಳುವುದುಂಟು. ಅಷ್ಟು ಸುಲಭವಾಗಿ ಹೇಳಬಾರದು, ಏಕೆಂದರೆ ಆ ವಿಷಯ ಗೊತ್ತಿದ್ದೂ ಸುಮ್ಮನಿದ್ದ ಸಹೋದ್ಯೋಗಿಗಳು ಬಕ್ಸ್‌ಟನ್ ಅವರಿಗಿಂತ ಎಷ್ಟೋ ಹೆಚ್ಚು. ಇದರಿಂದ ತಿಳಿಯುವುದು ಇಷ್ಟೇ: ಕಳುಹಿಸಿದ ಕೇಂದ್ರವೇ ತಪ್ಪಿನಲ್ಲಿ ಪಾಲುದಾರನಾಗಿದ್ದರೆ, ಅದು ಆತಿಥೇಯರನ್ನು ಸರಿಯಾಗಿ ಪರೀಕ್ಷಿಸಲಾರದು.

ಆತಿಥೇಯರ ಪರೀಕ್ಷೆ ನೇಮಕಾತಿಯ ಔಪಚಾರಿಕ ಅಂಗವಾಗಿ ಎದ್ದು ಕಾಣುವುದು ಸಿಡಿಸಿ 2007ರಲ್ಲಿ ಆರಂಭಿಸಿದ, ಈಗ ಪಬ್ಲಿಕ್ ಹೆಲ್ತ್ ಅಸೋಸಿಯೇಟ್ ಪ್ರೋಗ್ರಾಂ ಎಂದು ಕರೆಯಲಾಗುವ ಯೋಜನೆಯಲ್ಲಿ. ಹೊಸ ಪದವೀಧರರಿಗೆ ಎರಡು ವರ್ಷದ ಕೆಲಸ, ಸಂಬಳ ಸಿಡಿಸಿಯದು. ಆದರೆ ಅರ್ಜಿ ಹಾಕುವವರು ಪದವೀಧರರಷ್ಟೇ ಅಲ್ಲ. ರಾಜ್ಯ, ನಗರ, ಬುಡಕಟ್ಟು ಆಡಳಿತಗಳ ಆರೋಗ್ಯ ಇಲಾಖೆಗಳೂ ಸ್ವಯಂಸೇವಾ ಸಂಸ್ಥೆಗಳೂ, ಏನು ಕೆಲಸ ಕೊಡುತ್ತೇವೆ, ಮೇಲ್ವಿಚಾರಕರು ಯಾರು ಎಂದು ಬರೆದು ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಇದು ಬಡ ಇಲಾಖೆಗಳಿಗೆ ಪುಕ್ಕಟೆ ಗುಮಾಸ್ತರನ್ನು ಒದಗಿಸುವ ಉಪಾಯ ಎಂಬ ಟೀಕೆ ಸಹಜ. ಕಡತ ಜೋಡಿಸುವುದಕ್ಕೇ ಎರಡು ವರ್ಷ ಕಳೆದರೆ ಟೀಕೆ ನ್ಯಾಯವೇ. ಕೆಲಸದ ಯೋಜನೆಯನ್ನು ಮೊದಲೇ ಬರೆಸಿಕೊಳ್ಳುವ ಪದ್ಧತಿ ಇರುವುದು ಇದನ್ನು ತಡೆಯಲೆಂದೇ. ಆದರೆ ಅರ್ಜಿ ಚೆನ್ನಾಗಿ ಬರೆಯಲು ಸಿಬ್ಬಂದಿ ಬೇಕು, ಸಿಬ್ಬಂದಿಯೇ ಇಲ್ಲದ ಇಲಾಖೆಗೆ ನೆರವು ಎಲ್ಲರಿಗಿಂತ ಹೆಚ್ಚು ಬೇಕು. ಈ ಗಂಟು ಕಾಗದದ ಮೇಲೆ ಬಿಚ್ಚುವಂಥದ್ದಲ್ಲ.

ಯುರೋಪಿನಲ್ಲಿ 1995ರಲ್ಲಿ ಆರಂಭವಾದ, ಇದೇ ಬಗೆಯ ರೋಗ ತನಿಖೆಯನ್ನು ಕಲಿಸುವ ಎಪಿಯೆಟ್ ಯೋಜನೆ ತರಬೇತಾರ್ಥಿಯನ್ನು ಅವನದಲ್ಲದ ದೇಶಕ್ಕೆ ಕಳುಹಿಸಿತು. ಇದರಿಂದ ದೇಶದೇಶಗಳ ನಡುವೆ ಪರಿಚಯ ಬೆಳೆಯಿತು ನಿಜ. ಆದರೆ ಸಣ್ಣ ದೇಶಗಳಿಂದ ಹೋದವರು ಮರಳದಿರುವ ಅಪಾಯವೂ ಇತ್ತು. ಕೊನೆಗೆ ತಮ್ಮ ದೇಶದಲ್ಲೇ ಇದ್ದು ಕಲಿಯುವ ಇನ್ನೊಂದು ಶಾಖೆಯನ್ನು ಸೇರಿಸಬೇಕಾಯಿತು. ಭಾರತದ ದಾರಿ ಮೊದಲಿಂದಲೂ ಇದಕ್ಕೆ ಹತ್ತಿರ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ 2001ರಲ್ಲಿ ಆರಂಭಿಸಿದ ಎರಡು ವರ್ಷದ ಕಾರ್ಯಕ್ರಮಕ್ಕೆ ಬಹುಪಾಲು ಬಂದವರು ಸರ್ಕಾರಿ ಸೇವೆಯಲ್ಲಿದ್ದ ವೈದ್ಯರು; ಕಳುಹಿಸಿದ ಇಲಾಖೆಯೇ ಆತಿಥೇಯ. 2012ರಲ್ಲಿ ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ನೆರವಿನಿಂದ ಇದೇ ಬಗೆಯ ಸೇವೆಯನ್ನು ತೆರೆಯಿತು.

ಇಷ್ಟೆಲ್ಲ ಆಯ್ಕೆ, ಹೊಂದಾಣಿಕೆ ಏಕೆ, ಕಾನೂನು ಮಾಡಿ ಎಲ್ಲರನ್ನೂ ಹಳ್ಳಿಗೆ ಕಳುಹಿಸಿದರೆ ಸಾಲದೇ ಎಂಬ ಪ್ರಶ್ನೆ ನಮ್ಮಲ್ಲಿ ಹಳೆಯದು. ಭಾರತದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ 1946ರ ಭೋರ್ ಸಮಿತಿ ವೈದ್ಯ ವಿದ್ಯಾರ್ಥಿಗಳಿಗೆ ಮೂರು ತಿಂಗಳ ಸಾಮಾಜಿಕ ವೈದ್ಯಕೀಯ ತರಬೇತಿಯನ್ನು ಸೂಚಿಸಿದ್ದುಂಟು. ಕರ್ನಾಟಕ 2012ರಲ್ಲಿ ಇನ್ನೂ ಮುಂದೆ ಹೋಗಿ, ವೈದ್ಯಕೀಯ ಪದವಿ ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು. ಪದವೀಧರರನ್ನು ಒದಗಿಸುವ ಕೆಲಸವನ್ನು ಕಾಯ್ದೆ ಮಾಡಿತು. ಅವರನ್ನು ಕೂರಿಸುವ ಹುದ್ದೆಗಳನ್ನು ಸೃಷ್ಟಿಸುವುದು ಅದರ ಕೈಯಲ್ಲಿರಲಿಲ್ಲ. ವರ್ಷವರ್ಷ ಹೊರಬರುವ ವೈದ್ಯರ ಸಂಖ್ಯೆ ಖಾಲಿ ಹುದ್ದೆಗಳನ್ನು ಮೀರಿದ್ದರಿಂದ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಖಾಲಿ ಇರುವ ಹುದ್ದೆಗಳಿಗೆ ತಕ್ಕಷ್ಟು ಮಂದಿಯನ್ನು ಮಾತ್ರ ನೇಮಿಸಿಕೊಳ್ಳಲು ಸರ್ಕಾರ ಅವಕಾಶ ಮಾಡಿಕೊಂಡಿತು.