ಬೀಳುವ ಕಾಯಗಳ ಪರಸ್ಪರ ಚಲನೆ

ಗುರುತ್ವವೊಂದಕ್ಕೇ ಅಧೀನವಾಗಿ ಚಲಿಸುವ ಎರಡು ಕಾಯಗಳಲ್ಲಿ ಒಂದರ ಮೇಲೆ ನಿಂತು ನೋಡಿದರೆ ಮತ್ತೊಂದರ ಚಲನೆ ಹೇಗೆ ತೋರುವುದು? ಈ ಪ್ರಶ್ನೆಯ ಉತ್ತರಕ್ಕೆ ತಳಹದಿಯು ೧೬೩೮ರಲ್ಲಿ ಲೈಡನ್ ನಗರದಲ್ಲಿ ಅಚ್ಚಾದ ಗೆಲಿಲಿಯೋನ ‘ಎರಡು ನೂತನ ವಿಜ್ಞಾನಗಳು’ ಎಂಬ ಸಂವಾದಗ್ರಂಥದಲ್ಲಿದೆ. ಭಾರವಾದುದು ಬೇಗ ಬೀಳುವುದೆಂಬ ಅರಿಸ್ಟಾಟಲನ ಮತವನ್ನು ಆತನು ತರ್ಕದಿಂದಲೇ ಖಂಡಿಸಿದನು. ಹಗುರವಾದ ಕಲ್ಲನ್ನು ಭಾರವಾದ ಕಲ್ಲಿಗೆ ಕಟ್ಟಿದರೆ, ಹಗುರವಾದುದು ಹಿಂದಕ್ಕೆಳೆಯುವುದರಿಂದ ಜೋಡಿಯು ನಿಧಾನವಾಗಬೇಕು. ಒಟ್ಟು ಭಾರ ಹೆಚ್ಚಿದುದರಿಂದ ಅದೇ ಜೋಡಿಯು ಶೀಘ್ರವಾಗಿಯೂ ಬೀಳಬೇಕು. ಇವೆರಡೂ ಏಕಕಾಲದಲ್ಲಿ ಸಲ್ಲವು. ಆದುದರಿಂದ ಗಾಳಿಯ ತಡೆಯಿಲ್ಲದೆಡೆ ಸಕಲ ಕಾಯಗಳ ವೇಗವೂ ಒಂದೇ ಪ್ರಮಾಣದಲ್ಲಿ ವೃದ್ಧಿಸಬೇಕು.

ಈ ತತ್ತ್ವದ ಫಲ ಗಮನಾರ್ಹವಾದುದು. ಎರಡು ಕಲ್ಲುಗಳನ್ನು ಬೇರೆ ಬೇರೆ ದಿಕ್ಕಿಗೆ ಎಸೆದರೆ ನೆಲದ ಮೇಲಿರುವವನಿಗೆ ಎರಡೂ ಪರವಲಯಮಾರ್ಗದಲ್ಲಿ ಸಾಗುತ್ತವೆ. ಆದರೆ ಎರಡರ ವೇಗದಲ್ಲಾಗುವ ಬದಲಾವಣೆಯೂ ಸಮಾನವಾದುದರಿಂದ, ಒಂದರಿಂದ ನೋಡಿದಾಗ ಮತ್ತೊಂದು ಸರಳರೇಖೆಯಲ್ಲಿ ಏಕರೂಪ ವೇಗದಿಂದ ಚಲಿಸುತ್ತದೆ. ಗುರುತ್ವವು ಲೆಕ್ಕದಿಂದಲೇ ಲೋಪವಾಗುತ್ತದೆ. ಬೀಳುತ್ತಿರುವವನಿಗೆ ತನ್ನ ಭಾರವು ಅನುಭವಕ್ಕೆ ಬಾರದೆಂದು ೧೯೦೭ರಲ್ಲಿ ಐನ್‌ಸ್ಟೈನ್ ಕಂಡುಕೊಂಡದ್ದೂ ಈ ಸತ್ಯದ ಮುಂದುವರಿಕೆಯೇ.

ಆದರೆ ಗುರುತ್ವವು ಎಲ್ಲೆಡೆಯೂ ಒಂದೇ ಸಮನಾಗಿರುವ ಚಿಕ್ಕ ಪ್ರದೇಶಕ್ಕೆ ಮಾತ್ರ ಈ ನಿಯಮವು ಅನ್ವಯಿಸುತ್ತದೆ. ಭೂಮಿಯನ್ನು ಸುತ್ತುವ ಕಾಯಗಳಿಗೆ ಗುರುತ್ವದ ಬಲವೂ ದಿಕ್ಕೂ ಸ್ಥಳಕ್ಕೆ ತಕ್ಕಂತೆ ಬೇರೆಯಾಗುತ್ತವೆ. ೧೯೬೫ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ–೪ ನೌಕೆಯ ಮ್ಯಾಕ್‌ಡಿವಿಟ್, ತಮ್ಮನ್ನು ಮೇಲಕ್ಕೊಯ್ದ ರಾಕೆಟ್ಟಿನ ಬರಿದಾದ ಹಂತವನ್ನು ಸಮೀಪಿಸಲು ನೌಕೆಯನ್ನು ಅದರತ್ತ ನೂಕಿದರು. ಇಂಧನವು ವ್ಯಯವಾಯಿತೇ ಹೊರತು ಗುರಿಯು ಕೈಗೂಡಲಿಲ್ಲ. ಮುಂದಕ್ಕೆ ನೂಕಿದ ನೌಕೆಯ ಕಕ್ಷೆಯು ಮೇಲೇರುತ್ತದೆ. ಮೇಲಿನ ಕಕ್ಷೆಯ ಸುತ್ತು ದೀರ್ಘವಾದುದರಿಂದ ನೌಕೆಯು ಹಿಂದೆ ಉಳಿಯುತ್ತದೆ. ಸುತ್ತಿನ ಕಾಲಕ್ಕೂ ದೂರಕ್ಕೂ ಇರುವ ಈ ಸಂಬಂಧವನ್ನು ಕೆಪ್ಲರನು ೧೬೧೯ರಲ್ಲಿಯೇ ಗ್ರಹಗಳಿಗೆ ಹೇಳಿದ್ದನು. ಚಂದ್ರನ ಚಲನೆಗೆಂದು ಹಿಲ್ ೧೮೭೮ರಲ್ಲಿ ರಚಿಸಿದ ಸಮೀಕರಣಗಳನ್ನು ಹೋಲುವ ಗಣಿತವನ್ನು ಕ್ಲೋಹೆಸಿ, ವಿಲ್ಟ್‌ಶೈರ್ ಇಬ್ಬರೂ ೧೯೬೦ರಲ್ಲಿ ನೌಕೆಗಳ ಸಮಾಗಮಕ್ಕೆ ಅಳವಡಿಸಿದ್ದರು. ಕಕ್ಷೆಯ ಈ ಗಣಿತವನ್ನು ಅನುಸರಿಸಿಯೇ ೧೯೬೫ರ ಡಿಸೆಂಬರ್ ೧೫ರಂದು ಜೆಮಿನಿ–೬, ಜೆಮಿನಿ–೭ ನೌಕೆಗಳು ಸುಮಾರು ೩೦ ಸೆಂಟಿಮೀಟರುಗಳಷ್ಟು ಸಮೀಪಕ್ಕೆ ಬಂದವು.

ಭಾರತದ ಸ್ಪೇಡೆಕ್ಸ್ ಪ್ರಯೋಗದಲ್ಲಿ ೨೦೨೪ರ ಡಿಸೆಂಬರ್ ೩೦ರಂದು ಶ್ರೀಹರಿಕೋಟದಿಂದ ಹಾರಿದ ಎರಡು ಉಪಗ್ರಹಗಳೂ ಆತುರಕ್ಕೆ ಮಣಿಯಲಿಲ್ಲ. ಬೆಂಗಳೂರಿನಿಂದ ನಿಯಂತ್ರಿತವಾದ ಅವುಗಳನ್ನು ೩ ಮೀಟರುಗಳವರೆಗೆ ತಂದು, ಪುನಃ ದೂರ ಸರಿಸಿ, ೨೦೨೫ರ ಜನವರಿ ೧೬ರಂದು ಜೋಡಿಸಲಾಯಿತು. ಕಕ್ಷೆಯಲ್ಲಿ ಮುಂದಿರುವುದನ್ನು ಕೂಡಬೇಕಾದವನು ಮೊದಲು ಕೆಳಗಿಳಿಯುವುದನ್ನು ಕಲಿಯಬೇಕು.