ಆರ್ಕಾಟಿನ ನವಾಬನ ಸಾಲಗಳು

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಗ್ರಂಥಗಳಲ್ಲಿ ‘ಕರ್ನಾಟಿಕ್’ ಎಂಬ ಹೆಸರನ್ನು ಕಂಡಾಗ ಕನ್ನಡಿಗರಾದ ವಾಚಕರು ಒಂದು ಕ್ಷಣ ಮೋಸಹೋಗುವುದುಂಟು. ಅದು ಕನ್ನಡನಾಡಲ್ಲ, ಘಟ್ಟದ ಕೆಳಗಣ ತಮಿಳು ಸೀಮೆ, ಆರ್ಕಾಟಿನ ನವಾಬನು ಆಳುತ್ತಿದ್ದ ರಾಜ್ಯ. ವಿಜಯನಗರದ ಅರಸರ ಕರ್ಣಾಟಕ ಸಾಮ್ರಾಜ್ಯವು ಅಳಿದಮೇಲೆ ಅದರ ಹೆಸರು ಮಾತ್ರ ಪೂರ್ವ ಕರಾವಳಿಯಲ್ಲಿ ಉಳಿದುಕೊಂಡಿತು. ಈ ನಾಮಮಾತ್ರದ ಕರ್ನಾಟಕದಲ್ಲಿ ಸುಮಾರು ನಲವತ್ತು ವರ್ಷಗಳ ಕಾಲ ನಡೆದ ಸಾಲದ ವ್ಯವಹಾರವು, ರಾಜ್ಯದ ಹುಟ್ಟುವಳಿಯನ್ನು ಅಧಿಕಾರಸ್ಥರು ಕಾಗದಪತ್ರಗಳ ಮೂಲಕವೇ ಅಪಹರಿಸಿದುದಕ್ಕೆ ಒಂದು ದೊಡ್ಡ ಉದಾಹರಣೆ. ನಮ್ಮ ಶಾಲೆಗಳ ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ದೊರೆತಿರುವ ಸ್ಥಳ ಅತ್ಯಲ್ಪವಾದುದು.

ಮಹಮ್ಮದಾಲಿ ವಾಲಾಜಾಹನು ನವಾಬನಾದುದು ಕುಂಪಣಿಯ ಫೌಜಿನ ಬಲದಿಂದ. ಅವನ ತಂದೆ ಅನ್ವರುದ್ದೀನನು ೧೭೪೯ರಲ್ಲಿ ಆಂಬೂರಿನ ಯುದ್ಧದಲ್ಲಿ ಮಡಿದನು. ಎದುರಾಳಿಯಾದ ಚಂದಾಸಾಹೇಬನು ಫ್ರೆಂಚರ ಸಹಾಯದಿಂದ ಮಹಮ್ಮದಾಲಿಯನ್ನು ತಿರುಚಿನಾಪಳ್ಳಿಯಲ್ಲಿ ಮುತ್ತಿದನು. ಆಗ ಅವನು ಸಹಾಯ ಬೇಡಿದವರಲ್ಲಿ ಮೈಸೂರಿನ ದಳವಾಯಿ, ಕನ್ನಡದಲ್ಲಿ ಶಿವಪರವಾದ ಗ್ರಂಥಗಳನ್ನು ರಚಿಸಿ ಹೆಸರಾದ ಕಳಲೆಯ ನಂಜರಾಜಯ್ಯನೂ ಒಬ್ಬನು. ತಿರುಚಿನಾಪಳ್ಳಿಯನ್ನೇ ಬಿಟ್ಟುಕೊಡುವೆನೆಂಬ ಗುಟ್ಟಿನ ವಚನವನ್ನು ನಂಬಿ ನಂಜರಾಜಯ್ಯನು ಸೈನ್ಯದೊಡನೆ ಘಟ್ಟವನ್ನಿಳಿದನು. ೧೭೫೨ರಲ್ಲಿ ಚಂದಾಸಾಹೇಬನು ಹತನಾದನು. ಆದರೆ ಕೋಟೆಯು ಮೈಸೂರಿಗೆ ಬರಲಿಲ್ಲ. ೧೭೫೫ರ ವರೆಗೆ ಅಲ್ಲಿಯೇ ಹೋರಾಡಿ ದಳವಾಯಿಯು ಬರಿಗೈಯಲ್ಲಿ ಹಿಂದಿರುಗಿದಾಗ ಮೈಸೂರಿನ ಬೊಕ್ಕಸ ಬರಿದಾಗಿದ್ದಿತು, ಸಿಪಾಯಿಗಳ ಸಂಬಳ ನಿಂತಿದ್ದಿತು. ಆ ಸಂಬಳದ ಗಲಭೆಗಳ ನಡುವೆ ಮೇಲೆ ಬಂದವನು ಹೈದರಾಲಿ. ಮಹಮ್ಮದಾಲಿಯು ತೀರಿಸದ ಋಣಗಳಲ್ಲಿ ಮೊದಲನೆಯದು ಮೈಸೂರಿನದೆಂದು ಹೇಳಬಹುದು. ಪಾಪ, ಅದಕ್ಕೆ ಪತ್ರವಿರಲಿಲ್ಲ.

ಪತ್ರವಿದ್ದ ಸಾಲಗಳ ಗತಿ ಬೇರೆ. ಯುದ್ಧಗಳ ವೆಚ್ಚವನ್ನು ಕುಂಪಣಿಯು ನವಾಬನ ಲೆಕ್ಕಕ್ಕೆ ಬರೆದು, ಕಂತು ಕಂತಾಗಿ ಕೊಡಬೇಕೆಂದು ಒತ್ತಾಯಪಡಿಸುತ್ತಿದ್ದಿತು. ನವಾಬನು ತನ್ನ ರಾಜಧಾನಿಯನ್ನು ಬಿಟ್ಟು ಚೆನ್ನಪಟ್ಟಣದ ಚೇಪಾಕದಲ್ಲಿ ಅರಮನೆಯನ್ನು ಕಟ್ಟಿಸಿಕೊಂಡು ವಾಸಮಾಡಿದನು. ಕುಂಪಣಿಯ ಕೋಟೆ ಅಲ್ಲಿಗೆ ಕೂಗಳತೆ. ಕಂತಿನ ದಿನ ಹತ್ತಿರ ಬಂದಿತೆಂದರೆ ಹಣ ಕೊಡಲು ಮುಂದೆ ಬರುತ್ತಿದ್ದವರು ಕುಂಪಣಿಯ ನೌಕರರೇ. ಯಜಮಾನನ ಹೆಸರಿನಲ್ಲಿ ಬಾಕಿಯನ್ನು ಕೇಳುವವನೂ, ಆ ಬಾಕಿಯನ್ನು ತೀರಿಸಲು ಸ್ವಂತದಿಂದ ಸಾಲ ಕೊಡುವವನೂ ಒಬ್ಬನೇ ಆದಾಗ ಯಾರ ಹಣ ಮೊದಲು ಸಂದಾಯವಾಗುವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಬಡ್ಡಿಯು ಮೊದಮೊದಲು ವರ್ಷಕ್ಕೆ ನೂರಕ್ಕೆ ೩೦, ೩೬ರ ವರೆಗೂ ಇದ್ದಿತು. ಅನಂತರ ಅದನ್ನು ೧೦ಕ್ಕೆ ಇಳಿಸಿದರು. ೧೭೬೭ರಲ್ಲಿ ಹಳೆಯ ಪತ್ರಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಸಾಲವನ್ನಾಗಿ ಮಾಡಿದುದೂ ಆ ದರದಲ್ಲಿಯೇ. ನವಾಬನ ಕೈಗೆ ನಿಜವಾಗಿ ಎಷ್ಟು ನಗದು ಸೇರಿದ್ದಿತು, ಬರಿಯ ಬಡ್ಡಿ ಅಸಲಾದುದೆಷ್ಟು, ಕೌನ್ಸಿಲಿನಲ್ಲಿ ಅನುಕೂಲವಾದ ಮಾತನ್ನಾಡಿದುದಕ್ಕಾಗಿ ಬರೆದುಕೊಟ್ಟ ಪತ್ರಗಳೆಷ್ಟು ಎಂಬುದನ್ನು ಬೇರ್ಪಡಿಸುವುದು ಒಟ್ಟುಗೂಡಿಸಿದಮೇಲೆ ಅಸಾಧ್ಯವಾಯಿತು. ಒಟ್ಟುಗೂಡಿಸುವುದರ ಪ್ರಯೋಜನವೇ ಅದಾಗಿದ್ದಿತೋ ಏನೋ.

ಈ ಸಾಲಗಳಿಗೆ ಆಧಾರ ರೈತನ ಹೊಲ. ಇಂತಹ ಸೀಮೆಯ ಇಷ್ಟು ಹುಟ್ಟುವಳಿಯನ್ನು ಇಂತಹವರಿಗೆ ಸಲ್ಲಿಸತಕ್ಕದ್ದೆಂದು ನವಾಬನು ‘ತನ್ಖಾ’ ಎಂಬ ಅಪ್ಪಣೆಪತ್ರವನ್ನು ಬರೆದುಕೊಡುತ್ತಿದ್ದನು. ಅದನ್ನು ಹಿಡಿದ ಸಾಹೇಬನ ದುಬಾಷಿಯು ಇಜಾರೆದಾರನ ಬಳಿಗೆ ಹೋಗುವನು. ಇಜಾರೆದಾರನು ಸಾಹುಕಾರರಿಂದ ಕೈಸಾಲ ತೆಗೆದು ಮುಂಗಡವಾಗಿ ಕೊಟ್ಟು, ಪೈರು ಕಟಾವಾಗುವ ಕಾಲಕ್ಕೆ ಅದನ್ನೆಲ್ಲ ಬಡ್ಡಿಯೊಡನೆ ಕಣದಲ್ಲಿಯೇ ವಸೂಲು ಮಾಡುವನು. ಮುಂದಿನ ವರ್ಷ ಇಜಾರೆಯು ಮತ್ತೊಬ್ಬನ ಪಾಲಾಗಬಹುದಾದುದರಿಂದ ಕೆರೆಯ ಏರಿಗೆ ಒಂದು ಬುಟ್ಟಿ ಮಣ್ಣು ಹಾಕಿಸುವ ಗೋಜಿಗೆ ಅವನು ಹೋಗುತ್ತಿರಲಿಲ್ಲ. ಆ ಸೀಮೆಯ ಬೇಸಾಯಕ್ಕೆ ಕೆರೆಯೇ ಜೀವ. ಹಿಂದಿನ ದೊರೆಗಳು ಕಟ್ಟಿಸಿದ ಈ ಕೆರೆಗಳ ವಿಚಾರವನ್ನು ಎಡ್ಮಂಡ್ ಬರ್ಕನು ಮುಂದೆ ಪಾರ್ಲಿಮೆಂಟಿನಲ್ಲಿ ವಿಶೇಷವಾಗಿ ಪ್ರಸ್ತಾಪಿಸಿದನು. ಇಂಡಿಯಾವನ್ನು ಕಣ್ಣಿನಿಂದ ಕಾಣದಿದ್ದ ಒಬ್ಬ ಐರಿಷ್ ಗೃಹಸ್ಥನಿಗೆ ಹೊಳೆದ ಈ ಅಂಶ ಚೇಪಾಕದಲ್ಲಿಯಾಗಲಿ, ಚೆನ್ನಪಟ್ಟಣದ ಕೋಟೆಯಲ್ಲಿಯಾಗಲಿ ಯಾರನ್ನೂ ಕಾಡಿದಂತೆ ತೋರುವುದಿಲ್ಲ.

ಸಾಲಕೊಟ್ಟವರಲ್ಲಿ ಎಲ್ಲರಿಗಿಂತ ಹೆಸರಾದವನು ಪಾಲ್ ಬೆನ್‌ಫೀಲ್ಡ್. ಅವನು ೧೭೬೪ರಲ್ಲಿ ಚೆನ್ನಪಟ್ಟಣಕ್ಕೆ ಬಂದನು. ಕೋಟೆಯ ಕಟ್ಟಡಗಳ ಗುತ್ತಿಗೆಯಿಂದ ಕೈಯಲ್ಲಿ ನಾಲ್ಕು ಕಾಸು ಕೂಡಿಸಿಕೊಂಡು ಲೇವಾದೇವಿಗೆ ತೊಡಗಿದನು. ಕುಂಪಣಿಯಲ್ಲಿ ಅವನ ಸಂಬಳ ವರ್ಷಕ್ಕೆ ಕೆಲವು ನೂರು ಪೌಂಡುಗಳು. ಅಂತಹವನು ೧೭೭೬ರಲ್ಲಿ ತನಗೆ ೨,೩೪,೦೦೦ ಪೌಂಡು ಬರಬೇಕೆಂದು ಕೌನ್ಸಿಲಿನ ಮುಂದೆ ಹಕ್ಕು ಹೂಡಿದನು. ಅದರಲ್ಲಿ ೧,೬೨,೦೦೦ ಪೌಂಡಿಗೆ ನವಾಬನು ತಂಜಾವೂರಿನ ಹುಟ್ಟುವಳಿಯ ಮೇಲೆ ತನ್ಖಾ ಬರೆದಿದ್ದನು. ಉಳಿದ ೭೨,೦೦೦ ಪೌಂಡನ್ನು ತಂಜಾವೂರಿನ ಜನರಿಗೇ ಪೈರಿನ ಮೇಲೆ ಸಾಲ ಕೊಟ್ಟಿದ್ದೇನೆಂದು ಅವನ ವಾದ.

ತಂಜಾವೂರು ನವಾಬನದಾದ ಬಗೆಯೂ ಕೇಳತಕ್ಕದ್ದೇ. ಅಲ್ಲಿ ಆಳುತ್ತಿದ್ದವನು ಮರಾಠಾ ವಂಶದ ತುಳಜಾಜಿ. ನವಾಬನ ಪ್ರೇರಣೆಯಿಂದ ಕುಂಪಣಿಯ ಸೈನ್ಯವು ೧೭೭೩ರಲ್ಲಿ ಆ ರಾಜ್ಯವನ್ನು ಹಿಡಿದು, ಅರಸನನ್ನು ಸೆರೆಯಲ್ಲಿಟ್ಟು, ನಾಡನ್ನು ನವಾಬನಿಗೊಪ್ಪಿಸಿತು. ಸಾಲಕೊಟ್ಟವರಿಗೆ ಹೊಸದೊಂದು ಹಸುರು ನಾಡು ದೊರೆಯಿತು. ಲಂಡನ್ನಿನ ಡೈರೆಕ್ಟರರು ಇದಕ್ಕೆ ಒಪ್ಪದೆ, ರಾಜ್ಯವನ್ನು ತುಳಜಾಜಿಗೆ ಹಿಂದಿರುಗಿಸಬೇಕೆಂದು ಆಜ್ಞಾಪಿಸಿ ಲಾರ್ಡ್ ಪಿಗಟ್ಟನನ್ನು ಎರಡನೆಯ ಸಾರಿ ಗವರ್ನರನನ್ನಾಗಿ ಕಳುಹಿಸಿದರು. ಅವನು ೧೭೭೬ರ ಏಪ್ರಿಲ್ ತಿಂಗಳಿನಲ್ಲಿ ತಾನೇ ತಂಜಾವೂರಿಗೆ ಹೋಗಿ ಅರಸನನ್ನು ಗದ್ದುಗೆಯ ಮೇಲೆ ಕೂರಿಸಿದನು. ಬೆನ್‌ಫೀಲ್ಡನ ಹಕ್ಕು ಹೊರಬಿದ್ದುದು ಆಗಲೇ. ಕೌನ್ಸಿಲು ಮೊದಲು ಅದನ್ನು ತಳ್ಳಿಹಾಕಿತು. ಕೆಲವೇ ದಿನಗಳಲ್ಲಿ ಬಹುಮತದವರ ಅಭಿಪ್ರಾಯ ತಿರುಗಿತು. ಪಿಗಟ್ಟನು ಮಣಿಯದೆ ಇಬ್ಬರು ಸದಸ್ಯರನ್ನು ಅಮಾನತಿನಲ್ಲಿಟ್ಟನು. ೧೭೭೬ರ ಆಗಸ್ಟ್ ೨೪ರಂದು ಕರ್ನಲ್ ಸ್ಟುವರ್ಟನು ಗವರ್ನರನ ಮನೆಯಲ್ಲಿಯೇ ಊಟಮಾಡಿ, ಸಂಜೆ ಅವನ ಗಾಡಿಯಲ್ಲಿಯೇ ಪಕ್ಕಕ್ಕೆ ಕುಳಿತು ಹೊರಟನು. ದಾರಿಯಲ್ಲಿ ಮೊದಲೇ ಗೊತ್ತುಮಾಡಿದ್ದ ಸ್ಥಳದಲ್ಲಿ ಸೈನ್ಯದ ಅಧಿಕಾರಿಗಳು ಗಾಡಿಯನ್ನು ತಡೆದು ಪಿಗಟ್ಟನನ್ನು ಸೆರೆಹಿಡಿದರು. ಅವನು ಮತ್ತೆ ಅಧಿಕಾರವನ್ನು ಕಾಣಲಿಲ್ಲ. ೧೭೭೭ರ ಮೇ ೧೧ರಂದು ಸೆರೆಯಲ್ಲಿದ್ದಂತೆಯೇ ತೀರಿಕೊಂಡನು. ಅವನನ್ನು ಪದಚ್ಯುತಗೊಳಿಸಿದ ನಾಲ್ವರ ಮೇಲೆ ಇಂಗ್ಲೆಂಡಿನಲ್ಲಿ ವಿಚಾರಣೆ ನಡೆದು ತಲೆಗೆ ೧,೦೦೦ ಪೌಂಡು ದಂಡ ಬಿದ್ದಿತು. ಚೆನ್ನಪಟ್ಟಣದಲ್ಲಿ ಹಣ ಮಾಡಿದವರಿಗೆ ಇದೊಂದು ಸುಂಕವಿದ್ದಂತೆ.

೧೭೭೭ರಲ್ಲಿ ಮತ್ತೆರಡು ಸಾಲಗಳು ಹುಟ್ಟಿದವು. ಒಂದು ಕುದುರೆಯ ದಂಡಿನ ಸಾಲ, ೧,೬೦,೦೦೦ ಪೌಂಡು. ನವಾಬನು ತನ್ನ ರಾವುತರನ್ನು ಬರ್ಖಾಸ್ತು ಮಾಡಬೇಕಾಗಿದ್ದಿತು, ಸಂಬಳದ ಬಾಕಿಗೆ ಹಣವಿರಲಿಲ್ಲ. ಕೊಡುವುದಾಗಿ ಒಪ್ಪಿದವರು ಸೀಮೆಯ ಹುಟ್ಟುವಳಿಯನ್ನು ಬರೆಸಿಕೊಂಡರು. ರಾವುತರು ಮಾತ್ರ ಸಂಬಳ ಕಾಣದೆ ಬಹುಕಾಲ ಕಾದು ದಂಗೆಯೆದ್ದರು. ಇನ್ನೊಂದು, ಎಲ್ಲ ಚಿಲ್ಲರೆ ಪತ್ರಗಳನ್ನೂ ಮತ್ತೆ ಒಟ್ಟುಗೂಡಿಸಿದ ಸಾಲ. ಮೊತ್ತ ೨೪ ಲಕ್ಷ ಪೌಂಡು, ಬಡ್ಡಿ ನೂರಕ್ಕೆ ೧೨. ಮೂರು ವರ್ಷಗಳ ತರುವಾಯ, ೧೭೮೦ರ ಜುಲೈ ತಿಂಗಳಿನಲ್ಲಿ, ಹೈದರಾಲಿಯು ಘಟ್ಟವನ್ನಿಳಿದನು. ಅವನ ಅಶ್ವಬಲಕ್ಕೆ ಎದುರುನಿಲ್ಲುವ ಕುದುರೆಯ ದಂಡು ಆ ರಾಜ್ಯದಲ್ಲಿರಲಿಲ್ಲ. ಹಳ್ಳಿಗಳು ಸುಟ್ಟುಹೋದವು, ಕೆರೆಗಳು ಒಡೆದವು, ಚೆನ್ನಪಟ್ಟಣದ ಬೀದಿಗಳಲ್ಲಿ ಜನರು ಹಸಿವಿನಿಂದ ಸತ್ತರು. ಹೈದರನ ಬೆಂಕಿಯಿಂದಾದ ಹಾನಿಯನ್ನು ಮರೆಮಾಡಬೇಕಾದುದಿಲ್ಲ. ಆದರೆ ಸಂಬಳವಿಲ್ಲದೆ ಚದುರಿದ ಆ ರಾವುತರ ಲೆಕ್ಕವನ್ನು ಹೈದರನ ಖಾತೆಗೆ ಬರೆಯಲಾಗದು.

ಆ ದುಃಸ್ಥಿತಿಯಲ್ಲಿ ಗವರ್ನರನಾಗಿ ಬಂದ ಲಾರ್ಡ್ ಮೆಕಾರ್ಟ್ನಿಯು ಕೈ ಚಾಚದ ಮನುಷ್ಯ. ೧೭೮೧ರ ಡಿಸೆಂಬರಿನಲ್ಲಿ ಅವನು ಸೀಮೆಯ ಕಂದಾಯವನ್ನು ಐದು ವರ್ಷಗಳ ಮಟ್ಟಿಗೆ ಕುಂಪಣಿಯ ವಶಕ್ಕೆ ತೆಗೆದುಕೊಂಡು, ಆರರಲ್ಲೊಂದು ಪಾಲನ್ನು ನವಾಬನ ಖರ್ಚಿಗೆ ಬಿಟ್ಟನು. ಯುದ್ಧದ ನಡುವೆಯೂ ವಸೂಲಿ ಸುಧಾರಿಸಿತು. ತನ್ಖಾ ಹಿಡಿದವರಿಗೆ ಇದು ಸಹನೆಯಾಗಲಿಲ್ಲ. ಆದರೆ ಅವರ ಬಲ ಈಗ ಚೆನ್ನಪಟ್ಟಣದಲ್ಲಿ ಮಾತ್ರವಲ್ಲ, ವೆಸ್ಟ್‌ಮಿನಿಸ್ಟರಿನಲ್ಲಿಯೂ ಇದ್ದಿತು. ೧೭೮೦ರ ಚುನಾವಣೆಯಲ್ಲಿ ಬೆನ್‌ಫೀಲ್ಡನು ಕ್ರಿಕ್‌ಲೇಡಿನಿಂದ ಪಾರ್ಲಿಮೆಂಟಿನ ಸದಸ್ಯನಾಗಿದ್ದನು. ತಾನೂ ಸೇರಿ ಎಂಟು ಮಂದಿಯನ್ನು ಅವನು ಆ ಸಭೆಗೆ ಕಳುಹಿಸಿದನೆಂದು ಬರ್ಕನ ಆರೋಪ. ನವಾಬನಿಗೂ ಲಂಡನ್ನಿನಲ್ಲಿ ಸ್ವಂತ ಏಜೆಂಟರಿದ್ದರು. ಅವರಲ್ಲೊಬ್ಬನು ‘ಆಸಿಯನ್’ ಕಾವ್ಯಗಳಿಂದ ಯೂರೋಪನ್ನೆಲ್ಲ ಮರುಳುಗೊಳಿಸಿದ ಜೇಮ್ಸ್ ಮೆಕ್‌ಫರ್ಸನ್. ಅವನೂ ೧೭೮೦ರಿಂದ ಸದಸ್ಯ. ಹಳೆಯ ಕವಿಯ ಹೆಸರಿನಲ್ಲಿ ಹೊಸ ಕಾವ್ಯ ಕಟ್ಟಿದನೆಂಬ ಅಪವಾದ ಹೊತ್ತವನಿಗೆ ನವಾಬನ ಲೆಕ್ಕಪತ್ರಗಳು ಅಪರಿಚಿತವೆನಿಸಿರಲಾರವು.

೧೭೮೪ರ ಪಿಟ್ಟನ ಇಂಡಿಯಾ ಶಾಸನವು ಈ ಸಾಲಗಳ ಮೂಲವನ್ನೂ ನ್ಯಾಯಾನ್ಯಾಯವನ್ನೂ ಡೈರೆಕ್ಟರರು ವಿಚಾರಿಸಬೇಕೆಂದು ವಿಧಿಸಿತು. ಡೈರೆಕ್ಟರರು ಹಾಗೆಯೇ ವಿಚಾರಣೆಗೆ ಆಜ್ಞೆಯನ್ನು ಬರೆದರು. ಆದರೆ ಅವರ ಮೇಲಣ ಹೊಸ ನಿಯಾಮಕ ಮಂಡಲಿಯಲ್ಲಿ ಹೆನ್ರಿ ಡಂಡಾಸನ ಮಾತು ನಡೆಯುತ್ತಿದ್ದಿತು. ಮಂಡಲಿಯು ಆ ಆಜ್ಞೆಯನ್ನು ಹೊಡೆದುಹಾಕಿ, ಮೂರು ಸಾಲಗಳನ್ನೂ ವಿಚಾರಣೆಯಿಲ್ಲದೆ ಒಪ್ಪಿ, ವರ್ಷಕ್ಕೆ ೧೨ ಲಕ್ಷ ವರಹಗಳನ್ನು, ಎಂದರೆ ೪,೮೦,೦೦೦ ಪೌಂಡುಗಳನ್ನು, ಅವುಗಳ ತೀರುವೆಗಾಗಿ ಗೊತ್ತುಮಾಡಿತು. ಕಂದಾಯವನ್ನು ನವಾಬನಿಗೆ ಹಿಂದಕ್ಕೆ ಕೊಡಬೇಕೆಂದೂ ಆಜ್ಞೆ ಹೊರಟಿತು. ಮೆಕಾರ್ಟ್ನಿಯು ರಾಜೀನಾಮೆ ಕೊಟ್ಟು ಹೊರಟುಹೋದನು. ೧೭೮೫ರ ಫೆಬ್ರವರಿ ೨೮ರಂದು ಬರ್ಕನು ಈ ವಿಷಯವಾಗಿ ಮಾಡಿದ ಭಾಷಣವು ಇಂಗ್ಲಿಷ್ ವಾಗ್ವೈಭವದ ಮಾದರಿಯೆಂದು ಇಂದಿಗೂ ಪ್ರಸಿದ್ಧವಾಗಿದೆ. ಅದನ್ನು ಕೇಳಿದ ಸಭೆಯು ಕಾಗದಪತ್ರಗಳನ್ನು ಮುಂದಿಡಬೇಕೆಂಬ ಸೂಚನೆಯನ್ನು ಬಹುಮತದಿಂದ ನಿರಾಕರಿಸಿತು.

ಹೀಗೆ ಹಳೆಯ ಪತ್ರಗಳು ಚಿನ್ನವಾದುದನ್ನು ಕಂಡಮೇಲೆ ಹೊಸ ಪತ್ರಗಳು ಹುಟ್ಟದೆ ಇರುವುದೆಂತು? ನಿಷೇಧಗಳಿದ್ದರೂ ಹುಟ್ಟಿದವು. ಮಹಮ್ಮದಾಲಿಯು ೧೭೯೫ರಲ್ಲಿ ತೀರಿಕೊಂಡನು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಅಲ್ಲಿ ದೊರೆತ ಪತ್ರಗಳಲ್ಲಿ ನವಾಬರಿಗೂ ಟೀಪುವಿಗೂ ಇದ್ದ ಗುಪ್ತ ಸಂಬಂಧ ಕಾಣುವುದೆಂಬ ಕಾರಣವನ್ನು ಮುಂದೊಡ್ಡಿ ವೆಲ್ಲೆಸ್ಲಿಯು ೧೮೦೧ರಲ್ಲಿ ರಾಜ್ಯವನ್ನು ಕುಂಪಣಿಗೆ ಸೇರಿಸಿಕೊಂಡನು. ಬಳಿಕ ೧೮೦೫ರಲ್ಲಿ, ೧೭೮೪ರಲ್ಲಿ ಒಪ್ಪಿದ್ದ ಸಾಲಗಳು ಬಹುಮಟ್ಟಿಗೆ ತೀರಿಹೋದಮೇಲೆ, ಉಳಿದ ಹಕ್ಕುಗಳನ್ನು ಪರಿಶೀಲಿಸಲು ಒಂದು ಆಯೋಗ ನೇಮಕವಾಯಿತು. ಅದರ ಮುಂದೆ ಬಂದ ಹಕ್ಕುಗಳ ಮೊತ್ತ ೩ ಕೋಟಿ ಪೌಂಡಿಗೂ ಮೀರಿದ್ದಿತು. ಇಪ್ಪತ್ತೈದು ವರ್ಷಗಳ ಪರಿಶೀಲನೆಯಲ್ಲಿ ನಿಜವೆಂದು ನಿಂತುದು ಸುಮಾರು ೨೭ ಲಕ್ಷ. ನೋಡಿದ ಪತ್ರಗಳಲ್ಲಿ ಹತ್ತಕ್ಕೆ ಒಂದು ಪಾಲೂ ನಿಲ್ಲಲಿಲ್ಲವೆಂದಮೇಲೆ, ನೋಡದೆಯೇ ತೀರಿಸಿದ ಪತ್ರಗಳಲ್ಲಿ ನಿಲ್ಲತಕ್ಕವು ಎಷ್ಟಿದ್ದವೆಂಬುದನ್ನು ವಾಚಕರೇ ಗುಣಿಸಿಕೊಳ್ಳಬಹುದು.

ಬೆನ್‌ಫೀಲ್ಡನು ಇಂಗ್ಲೆಂಡಿನಲ್ಲಿ ಬ್ಯಾಂಕು ತೆರೆದು, ಅದು ಮುರಿದು, ೧೮೧೦ರಲ್ಲಿ ಪ್ಯಾರಿಸ್ಸಿನಲ್ಲಿ ಬಡತನದಲ್ಲಿ ಸತ್ತನು. ನವಾಬರ ಪದವಿಯು ೧೮೫೫ರ ವರೆಗೆ ಹೆಸರಿಗೆ ಉಳಿದಿದ್ದು, ಆ ವರ್ಷ ಕೊನೆಯವನು ಮಕ್ಕಳಿಲ್ಲದೆ ತೀರಿಕೊಂಡುದರಿಂದ ಅಳಿಯಿತು. ಚೇಪಾಕದ ಅರಮನೆಯನ್ನು ಸಾಲಗಳ ತೀರುವೆಗಾಗಿ ಹರಾಜು ಹಾಕಿದರು. ಕೊಂಡುಕೊಂಡುದು ಮದರಾಸು ಸರಕಾರ. ಮುಂದೆ ರೆವೆನ್ಯೂ ಬೋರ್ಡಿನ ಕಚೇರಿಯು ಆ ಕಟ್ಟಡದಲ್ಲಿ ನೆಲಸಿತು.